ಟವೆಲ್ ಕೆಳಗಿನ ಸರ್ಕಾರ

ಚೀನಾಕ್ಕೆ ಬಂದ ಮೊದಲ ತಿಂಗಳಲ್ಲೇ ನಾನು ಇಲ್ಲಿನ ಸರ್ಕಾರದ ಕೈ ಹಿಡಿದೆ. ಗೌರವದಿಂದಲ್ಲ. ಟವೆಲ್ ಹೊದಿಸಿ, ಬೆರಳು ಹಿಸುಕಿ.

ಶ್ರೀನಿವಾಸಪುರದ ಮಾವಿನ ಮಂಡಿ ಕಂಡವರಿಗೆ ಇದು ವಿಚಿತ್ರವಲ್ಲ. ಅಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವವನು ದಡ್ಡ. ಕೈ ಮೇಲೆ ಟವೆಲ್, ಅದರ ಕೆಳಗೆ ಬೆರಳುಗಳ ಮಾತು. ಚಿಕ್ಕಪ್ಪ ತಮ್ಮ ಕಾರ್ಖಾನೆಯ ಮಾವಿನ ತಿರುಳು ಮಾರಲು ಇಲ್ಲೊಂದು ಗೋದಾಮು ಹಿಡಿ ಎಂದು ನನ್ನನ್ನು ಕಳಿಸಿದ್ದರು. ಸಿಗದಿದ್ದರೆ ವಾಪಸ್ ಹೋಗಿ ಕಾಯಿ ವಿಂಗಡಿಸಬೇಕು, ಜೊತೆಗೆ ಇಡೀ ಮಂಡಿಯ ನಗು ಕೇಳಬೇಕು.

ಇಲ್ಲಿ ನನ್ನ ಊಟ ಮಂಥೌ, ಅಂದರೆ ಹಬೆಯಲ್ಲಿ ಬೆಂದು ರುಚಿಯನ್ನೇ ಮರೆತ ಬನ್ನು. ನಂಚಿಕೊಳ್ಳಲು ಊರಿನ ಉಪ್ಪಿನಕಾಯಿ. ಮಾತಿಗೆ ಸಿಗುವವನು ಮೇಲಿನ ಮನೆಯ ಟಾಮ್, ಆಟಿಕೆ ಕೊಳ್ಳಲು ಬಂದ ಅಮೆರಿಕದವನು. ಚೀನೀ ಭಾಷೆ ಬಲ್ಲ ಅವನೇ ನನ್ನ ದುಭಾಷಿ.

ಗೋದಾಮು ಇದ್ದದ್ದು ‘ಕೈಫಾಚೂ’ನಲ್ಲಿ. ಕಾರ್ಖಾನೆಗಳಿಗೆಂದೇ ಸರ್ಕಾರ ಕಟ್ಟಿಸಿದ ಬಡಾವಣೆಗೆ ಆ ಹೆಸರು. ನಮ್ಮಲ್ಲಿ ಒಂದು ಕರೆಂಟ್ ಕಂಬಕ್ಕಾಗಿ ಚಿಕ್ಕಪ್ಪ ಕೋಲಾರಕ್ಕೆ ಅಲೆದು ಚಪ್ಪಲಿ ಸವೆಸಿದ್ದರು. ಇಲ್ಲಿ ಕಾರ್ಖಾನೆ ಬರುವ ಮೊದಲೇ ರಸ್ತೆ, ನೀರು, ಕರೆಂಟು ಬಂದು, ಗಂಡಿನ ಕಡೆಯವರನ್ನು ಎದುರುಗೊಳ್ಳುವಂತೆ ನಿಂತಿದ್ದವು.

ಟಾಮ್‌ನನ್ನು ಕರೆದುಕೊಂಡು ಗೋದಾಮಿನವರ ಜೊತೆ ಮಾತುಕತೆಗೆ ಕೂತಾಗ ಮಧ್ಯದಲ್ಲಿ ಸುಮ್ಮನೆ ಚಹಾ ಕುಡಿಯುತ್ತಿದ್ದ ಲಿಯು ಎಂಬವರನ್ನು ದಲ್ಲಾಳಿ ಎಂದುಕೊಂಡೆ. ಸರ್ಕಾರದವರು ವ್ಯಾಪಾರಕ್ಕೆ ಬಂದು ಕೂರುವುದುಂಟೆ? ಹೆಗಲ ಟವೆಲ್ ತೆಗೆದು ಅವರ ಕೈಗೆ ಹೊದಿಸಿ, ಬೆರಳು ಹಿಸುಕಿದೆ.

“ಕೈ ಬಿಡೋ ಮಾರಾಯ, ಬಡಾವಣೆಯ ಅಧಿಕಾರಿ ಅವರು, ಅವರೇ ಇಲ್ಲಿ ಸರ್ಕಾರ!” ಎಂದು ಟಾಮ್ ಇಂಗ್ಲಿಷಿನಲ್ಲಿ ಕಿರುಚಿದ. ಬೆಚ್ಚಿ ಕೈ ಎಳೆದುಕೊಂಡೆ. ಚಹಾ ಸರ್ಕಾರದ ತೊಡೆಯ ಮೇಲೆ ಬಿತ್ತು. ಗೋದಾಮು ಹೋಯಿತು ಅಂದುಕೊಂಡೆ.

ನಾನು ತೊದಲುತ್ತ ಹೇಳಿದ ಮಂಡಿಯ ಪದ್ಧತಿಯನ್ನು ಟಾಮ್ ಚೀನೀ ಭಾಷೆಯಲ್ಲಿ ವಿವರಿಸಿ, “ನಮ್ಮ ಅಮೆರಿಕದಲ್ಲಂತೂ ವ್ಯಾಪಾರದಲ್ಲಿ ಸರ್ಕಾರದ ಕೈಯೇ ಇಲ್ಲ” ಎಂದು ಸೇರಿಸಿದ.

ಲಿಯು ಒದ್ದೆ ಟವೆಲ್ಲನ್ನು ಟಾಮ್‌ನ ಕೈ ಮೇಲೆ ಹಾಕಿದರು. “ನಿಮ್ಮ ರೈಲು ಕಂಪನಿಗಳಿಗೆ ನೆಲ ಕೊಟ್ಟವರು ಯಾರು?” ಒಂದು ಬೆರಳು ಹಿಸುಕಿದರು. “ಇಂಟರ್ನೆಟ್ಟಿಗೆ ಮೊದಲು ಖರ್ಚು ಮಾಡಿದವರು ಯಾರು?” ಇನ್ನೊಂದು ಬೆರಳು.

“ಸರ್ಕಾರ” ಎಂದು ಟಾಮ್ ಗೊಣಗಿದ.

“ಅಲ್ಲಿಯೂ ಕೈ ಇದೆ, ಟವೆಲ್ ಕೆಳಗೆ. ನಮ್ಮದು ಮೇಜಿನ ಮೇಲೆ, ಅಷ್ಟೇ.”

ಟಾಮ್ ನನ್ನ ಕಿವಿಯಲ್ಲಿ, “ಮೇಜಿನ ಮೇಲಿನ ಕೈ ‘ಬೇಡ’ ಅಂದರೆ ಇಲ್ಲಿನವರು ಯಾರ ಹತ್ತಿರ ದೂರು ಹೇಳ್ತಾರೆ? ನಾವು ನಮ್ಮ ಸರ್ಕಾರದ ಮೇಲೆ ಕೇಸು ಹಾಕ್ತೀವಿ” ಎಂದ. ಅದನ್ನು ಮಾತ್ರ ಅವನು ಅನುವಾದಿಸಲಿಲ್ಲ.

ಲಿಯು ಕೊನೆಗೆ ನನ್ನ ಬೆರಳನ್ನೂ ಹಿಸುಕಿದರು. ಏನು ಬೆಲೆಯೆಂದು ಇಬ್ಬರಿಗೂ ತಿಳಿಯಲಿಲ್ಲ, ಆದರೂ ಗೋದಾಮು ಸಿಕ್ಕಿತು. ಟವೆಲ್ಲನ್ನು ಅವರು ನೆನಪಿಗೆಂದು ಕೇಳಿ ಇಟ್ಟುಕೊಂಡರು.

ಆ ಸಂಜೆ ಚಿಕ್ಕಪ್ಪನಿಗೆ ಫೋನ್ ಮಾಡಿ ನಡೆದದ್ದೆಲ್ಲ ಹೇಳಿದೆ.

“ಏನ್ಲಾ, ಅಲ್ಲಿ ಸರ್ಕಾರ ಟವೆಲ್ ತಗೊಂಡು ಕರೆಂಟ್ ಕೊಡ್ತದಾ? ಇಲ್ಲಿ ಟವೆಲ್ಲೂ ತಗೊಂಡ್ರು, ಪಂಚೆನೂ ತಗೊಂಡ್ರು, ಕರೆಂಟ್ ಮಾತ್ರ ಬರ್ಲಿಲ್ಲ ಕಣೋ!”

“ಹಂಗಾದ್ರೆ ಇಲ್ಲೇ ಇದ್ಬಿಡ್ಲಾ ಚಿಕ್ಕಪ್ಪ?” ಎಂದು ತಮಾಷೆಗೆ ಕೇಳಿದೆ.

ಅವರು ನಗಲಿಲ್ಲ. ಮೆತ್ತಗೆ ಹೇಳಿದರು: “ಇರೋ, ಚೆನ್ನಾಗಿರು. ಮಂಡೀಲಿ ನೀನ್ ಟವೆಲ್ ಹಾಕ್ತಿದ್ದ ಮೊಳೆಗೆ ಹೊಸದೊಂದು ನೇತಾಕಿದೀನಿ. ನೀನ್ ಬರೋಗಂಟ ಅದನ್ನ ಯಾರ್ಗೂ ಮುಟ್ಟಕ್ ಬಿಡಲ್ಲ.”