ಅಮರತ್ತೆ ಕಟ್ಟಿದ ಬುತ್ತಿ

ನಮ್ಮ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಮಧ್ಯಾಹ್ನ ಊಟಕ್ಕೆ ಕುಳಿತಾಗಲೆಲ್ಲ ಒಂದು ಕ್ಷುಲ್ಲಕ ಸಂಗತಿ ನನ್ನ ಕಣ್ಣಿಗೆ ಬೀಳುತ್ತದೆ. ಸ್ಟೀಲ್ ಡಬ್ಬಿ ತಂದವರು ಮುಚ್ಚಳವನ್ನು ಪೂರ್ತಿ ತೆಗೆದು ಪಕ್ಕಕ್ಕಿಡುವುದಿಲ್ಲ. ಪರೀಕ್ಷೆಯಲ್ಲಿ ಜಾಣ ವಿದ್ಯಾರ್ಥಿಗಳು ಉತ್ತರಪತ್ರಿಕೆಗೆ ಕೈ ಅಡ್ಡ ಹಿಡಿಯುವ ಹಾಗೆ ಅದನ್ನೇ ಮರೆ ಮಾಡಿಕೊಂಡು ಉಣ್ಣುತ್ತಾರೆ. ಅವರನ್ನು ದೂರುವ ನೈತಿಕ ಅಧಿಕಾರ ನನಗಿಲ್ಲ, ಎಣ್ಣೆಗಾಯಿ ತಂದ ದಿನ ನಾನೂ ಕಿಟಕಿಯ ಕಡೆಗೆ ಮುಖ ಮಾಡಿ ಕೂರುವವಳೇ. ಬಟ್ಟೆಯಲ್ಲಿ ಕಟ್ಟಿದ ಬುತ್ತಿಗೆ ಮಾತ್ರ ಈ ಗುಟ್ಟು ಸಾಧ್ಯವಿಲ್ಲ. ಗಂಟು ಬಿಚ್ಚಿದ ಕೂಡಲೇ ಅದು ನಾಲ್ಕೂ ದಿಕ್ಕಿಗೆ ಹರಡಿಕೊಂಡು ಸುತ್ತಲಿದ್ದವರನ್ನೆಲ್ಲ ಕರೆಯುತ್ತದೆ. ನನ್ನ ಸೋದರತ್ತೆ ಅಮರಮ್ಮನ ಸ್ವಭಾವವೂ ಅದೇ ಆಗಿತ್ತು.

ಅಮರತ್ತೆ ಅಪ್ಪನ ಅಕ್ಕ, ಮದುವೆಯಾಗಿ ಸೇರಿದ್ದು ಮಾನ್ವಿಗೆ. ಆಕೆ ತೀರಿಕೊಂಡು ಬಹಳ ವರ್ಷಗಳಾದರೂ ಆಕೆಯನ್ನು ನೆನೆದಾಗ ನನಗೆ ಮೊದಲು ನಗು ಬರುತ್ತದೆ, ಆಮೇಲೆ ಹಸಿವಾಗುತ್ತದೆ, ದುಃಖದ ಸರದಿ ಕೊನೆಗೆ. ಬಾಗಲವಾಡದ ತಮ್ಮ ಹೊಲಕ್ಕೆ ಬಾಡಿಗೆಯ ಟ್ರ್ಯಾಕ್ಟರ್ ಬಂದಾಗ ಕಚ್ಚೆ ಹಾಕಿಕೊಂಡು ತಾನೇ ಹತ್ತಿ ಕುಳಿತು, ನಿಲ್ಲಿಸುವ ವಿದ್ಯೆ ತಿಳಿಯದೆ ಬದು ದಾಟಿ ಪಕ್ಕದವರ ಹೊಲವನ್ನೂ ಅರ್ಧ ಉತ್ತುಕೊಟ್ಟು ಬಂದವಳು. ಒಮ್ಮೆ ನೆರೆಮನೆಯ ಬಳೆಗಾರ್ತಿ ಖಾಜಾಬಿಯ ಜೊತೆ ರಾಯಚೂರಿಗೆ ಸಂತೆಗೆಂದು ಹೋದಾಕೆ ಸ್ಟೇಷನ್ನಿನಲ್ಲಿ ಮದ್ರಾಸಿನ ರೈಲು ನಿಂತಿದ್ದನ್ನು ಕಂಡು, ಸಮುದ್ರ ನೋಡಿದ್ದಿಲ್ಲವೆಂಬುದು ನೆನಪಾಗಿ, ಇಬ್ಬರಿಗೂ ಟಿಕೆಟ್ಟು ತೆಗೆಸಿ ಹತ್ತಿಬಿಟ್ಟಳು. ನಾಲ್ಕನೆಯ ದಿನ ಮರಳಿದಾಗ ಅತ್ತೆಯ ಕೈಯಲ್ಲೊಂದು ಬಾಟಲಿ, ಅದರ ತುಂಬ ಸಮುದ್ರದ ನೀರು. ಓಣಿಯವರನ್ನೆಲ್ಲ ಸಾಲಾಗಿ ಕೂರಿಸಿ, ತೀರ್ಥದ ಹಾಗೆ ಅಂಗೈಗೆ ಒಂದೊಂದು ಹನಿ ಹಾಕುತ್ತ, "ಬರೇ ಬಾಯಿಲೆ ಹೇಳಿದ್ರ ಯಾರು ನಂಬ್ತಾರ್ರೀ, ನೆಕ್ಕಿ ನೋಡ್ರಿ" ಅಂದಳಂತೆ. ದೂರ ಹೋದವರು ಸಾಮಾನ್ಯವಾಗಿ ಕಥೆ ಹೊತ್ತು ತರುತ್ತಾರೆ, ಅತ್ತೆ ಎಲ್ಲರಿಗೂ ಪಾಲು ತರುತ್ತಿದ್ದಳು.

ನಾನು ರಾಯಚೂರಿನಲ್ಲಿ ಬಿ.ಎ. ಓದಿದ್ದು ಎಪ್ಪತ್ತರ ದಶಕದ ಕೊನೆಯಲ್ಲಿ. ದೇವದುರ್ಗದಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಅಪ್ಪನಿಗೆ ಮಗಳ ವಿದ್ಯಾಭ್ಯಾಸದ ಬಗ್ಗೆ ವಿರೋಧವೇನೂ ಇರಲಿಲ್ಲ. ಅವನ ಭಯವೆಲ್ಲ ಹೋಟೆಲಿನದು. ಹೆಣ್ಣುಮಗಳು ಪರವೂರಿನ ಹೋಟೆಲಿನಲ್ಲಿ ಕುಳಿತು ತಿನ್ನುವುದನ್ನು ಊರಿನ ಯಾರಾದರೂ ನೋಡಿದರೆ ಮಾನ ಉಳಿಯುವುದಿಲ್ಲ ಎಂಬುದು ಅವನ ಸಿದ್ಧಾಂತ. ನನಗೆ ಸಿಕ್ಕ ಬಾಡಿಗೆ ಕೋಣೆಯಲ್ಲೋ ಒಲೆ ಹಚ್ಚುವ ಹಾಗಿರಲಿಲ್ಲ. "ಹೋಟೆಲ್ ಮೆಟ್ಲ ಹತ್ತಿದ ದಿನಾನ ನಿನ್ನ ಕಾಲೇಜು ಮುಗೀತು ಅಂತ ತಿಳಕೋ" ಎಂದು ಅಪ್ಪ ಕರಾರು ಹಾಕಿದ. ಅಲ್ಲಿಯೇ ಇದ್ದ ಅತ್ತೆ, "ಬುತ್ತಿ ನಾ ಕಳಸ್ತೀನಿ, ನೀ ಸುಮ್ನ ಓದಾಕ ಕಳಸು" ಅಂದಳು. ಹೀಗೆ ನನ್ನ ಉನ್ನತ ಶಿಕ್ಷಣವು ಜೋಳದ ರೊಟ್ಟಿಯ ಮೇಲೆ ನಿಂತಿತು.

ಆಗಿನ ಪದ್ಧತಿ ಹಾಗೇ ಇತ್ತು. ಹಳ್ಳಿಗಳಿಂದ ಬರುವ ಬೆಳಗಿನ ಬಸ್ಸುಗಳಲ್ಲಿ ಡ್ರೈವರನ ಪಕ್ಕ ಬುತ್ತಿಗಂಟುಗಳ ರಾಶಿಯೇ ಇರುತ್ತಿತ್ತು; ಓದುವ ಮಕ್ಕಳು ಬಸ್‌ಸ್ಟ್ಯಾಂಡಿನಲ್ಲಿ ಕಾದಿದ್ದು ತಂತಮ್ಮ ಗಂಟು ಗುರುತಿಸಿ ಒಯ್ಯುತ್ತಿದ್ದರು. ನನ್ನದನ್ನು ಗುರುತಿಸುವುದು ಸುಲಭ, ಎಲ್ಲಕ್ಕಿಂತ ದೊಡ್ಡ ಗಂಟು ಅದೇ. ನಾಲ್ವರಿಗಾಗುವಷ್ಟು ರೊಟ್ಟಿ, ಹುಳಿ ಸೊಪ್ಪಿನ ಪುಂಡಿಪಲ್ಲೆ, ಶೇಂಗಾಹಿಂಡಿ ಕಟ್ಟುತ್ತಿದ್ದ ಅತ್ತೆಯಿಂದಾಗಿ, ಸ್ವಂತ ಪ್ರತಿಭೆಯ ಬಲದಿಂದ ಎಂದೂ ಗಳಿಸಲಾಗದಷ್ಟು ಗೆಳತಿಯರನ್ನು ನಾನು ಗಳಿಸಿದೆ.

ಕೊನೆಯ ವರ್ಷದ ಮಳೆಗಾಲದಲ್ಲಿ ಮಾನ್ವಿ ರಸ್ತೆಯ ಹಳ್ಳವೊಂದು ತುಂಬಿ ಬಸ್ಸುಗಳು ನಿಂತವು. ಬುತ್ತಿ ಬರಲಿಲ್ಲ. ಮಧ್ಯಾಹ್ನ ನನ್ನ ಕೋಣೆಯ ಬಾಗಿಲಲ್ಲಿ ಸ್ವತಃ ಅತ್ತೆಯೇ ನಿಂತಿದ್ದಳು, ಮೊಣಕಾಲಿನವರೆಗೆ ಕೆಸರು. ಭತ್ತದ ಲಾರಿ ಹತ್ತಿ ಹಳ್ಳದ ತನಕ ಬಂದು, ಇಬ್ಬರು ರೈತರ ಕೈ ಹಿಡಿದು ಸೊಂಟಮಟ್ಟದ ನೀರು ದಾಟಿ, ಈಚೆ ದಡದಲ್ಲಿ ಇನ್ನೊಂದು ಲಾರಿ ಹಿಡಿದು ಬಂದಿದ್ದಳು. ಗಂಟನ್ನು ಮಾತ್ರ ತಲೆಯ ಮೇಲೆ ಒಂದು ಹನಿ ತಾಗದಂತೆ ಹೊತ್ತು ತಂದಿದ್ದಳಂತೆ. ಬಿಚ್ಚಿದರೆ ಬರೀ ಬಟ್ಟೆ.

"ಹಳ್ಳದ ಈಚಿ ದಂಡಿಗೆ ಮಂದಿ ನಿನ್ನೆಯಿಂದ ಹಸಕೊಂಡು ಕುಂತಾರವ್ವ. ಸಣ್ಣ ಕೂಸುಗಳೂ ಅದಾವ. ಅವರ ಮುಂದ ಗಂಟು ಹಿಡಕೊಂಡು ಹೆಂಗ ಬರ್ಲಿ?" ಎಂದಳು. ತಾನೂ ಉಂಡಿರಲಿಲ್ಲ.

ಅಪ್ಪನ ಕರಾರು ನೆನಪಿಸಿದೆ. "ಅಂವ ನಿನಗ ಹೇಳ್ಯಾನ, ನನಗ ಹೇಳಿಲ್ಲ" ಎಂದು ನನ್ನನ್ನು ಎಳೆದುಕೊಂಡು ಹೋಗಿ ಬಸ್‌ಸ್ಟ್ಯಾಂಡಿನ ಎದುರಿನ ಹೋಟೆಲಿನ ಫ್ಯಾಮಿಲಿ ರೂಮಿನಲ್ಲಿ ಕೂರಿಸಿದಳು. ರಾಯಚೂರಿನಲ್ಲಿ ಅತ್ತೆಗೂ ಅದು ಮೊದಲ ಹೋಟೆಲು. ಮರ್ಯಾದಸ್ಥ ಹೆಂಗಸರಿಗೆಂದೇ ಇಳಿಬಿಟ್ಟಿದ್ದ ಪರದೆಯನ್ನು ಸೆಕೆಯೆಂದು ಆಕೆ ಪೂರ್ತಿ ಸರಿಸಿಬಿಟ್ಟಾಗ ನಾನು ತಲೆ ತಗ್ಗಿಸಿ ದೋಸೆಯಲ್ಲಿ ಅಡಗಲು ಯತ್ನಿಸಿದೆ. ಎದುರಿಗೆ ಚಹಾ ಕುಡಿಯುತ್ತಿದ್ದವರು ನಮ್ಮೂರ ಬಳಿಯ ಅರಕೇರಾದ ಹಿರಿಯರೊಬ್ಬರು, ಅಪ್ಪನ ಅಂಗಡಿಯ ಕಾಯಂ ಗಿರಾಕಿ. ಬೇರೆ ಯಾರಾಗಿದ್ದರೂ ಪರದೆ ಎಳೆಯುತ್ತಿದ್ದರು. ಅತ್ತೆ, "ಬರ್ರಿ ಯಣ್ಣಾ, ಬರೇ ಚಾ ಕುಡಿಯಾಕತ್ತೀರಲ್ಲ" ಎಂದು ಅವರನ್ನು ಕರೆದು ಕೂರಿಸಿ ಎರಡು ಪ್ಲೇಟು ಇಡ್ಲಿ ತಿನ್ನಿಸಿದಳು. ನನ್ನ ವಿರುದ್ಧದ ಸಾಕ್ಷಿಯನ್ನು ನನ್ನತ್ತೆಯೇ ಹೊಟ್ಟೆ ತುಂಬ ಉಣಿಸಿ ಕಳಿಸಿದಳು.

ಹಳ್ಳ ಇಳಿಯಲಿಲ್ಲ, ಅತ್ತೆ ನನ್ನ ಕೋಣೆಯಲ್ಲೇ ಉಳಿದಳು, ಅಪರಾಧ ದಿನಕ್ಕೆರಡು ಸಲ ಮುಂದುವರಿಯಿತು. ಮೂರನೆಯ ದಿನ ಮುಂಜಾನೆ ದೇವದುರ್ಗದ ಮೊದಲ ಬಸ್ಸಿಗೆ, ಹಿರಿಯರಿಂದ ಸುದ್ದಿ ತಿಳಿದ ಅಪ್ಪ ಬಂದ. ಕೂರಲೂ ಇಲ್ಲ. "ಗಂಟು ಕಟ್ಟು" ಅಂದ, ಅಷ್ಟೇ. ಪುಸ್ತಕಗಳನ್ನು ಟ್ರಂಕಿಗೆ ತುಂಬುತ್ತಿದ್ದರೆ ಅಳು ತಡೆಯಲಾಗಲಿಲ್ಲ.

ನೋಡಿದರೆ ಅತ್ತೆಯೂ ತನ್ನ ಸೀರೆ ಮಡಚುತ್ತಿದ್ದಳು.

"ನೀ ಎಲ್ಲಿಗೆ ಯಕ್ಕಾ?"

"ನಾನೂ ತಿಂದೀನಿ ತಮ್ಮಾ. ಆಕೀಗಿಂತ ಎರಡು ದೋಸಿ ಜಾಸ್ತೀನ ತಿಂದೀನಿ. ತಿಂದಾಕಿ ನಿನ್ನ ಮನ್ಯಾಗ ಇರಬೇಕಂದ್ರ ನಾನೂ ಬರ್ತೀನಿ, ನಡಿ."

ಅಪ್ಪ ಟ್ರಂಕಿನ ಕಡೆಗೆ ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡ. ಅವನನ್ನು ಎತ್ತಿ ಆಡಿಸಿದ ಅಕ್ಕ ಆಕೆ. ಅತ್ತೆ ಅವನ ಮುಖವನ್ನೇ ನೋಡಿ, ದನಿ ಇಳಿಸಿ, "ಮುಂಜಾನಿ ಏನರ ತಿಂದೀಯೇನು?" ಎಂದಳು. ಅವನು ತಿಂದಿರಲಿಲ್ಲ.

ಅರ್ಧ ಗಂಟೆಯ ನಂತರ ಅಪ್ಪ ಫ್ಯಾಮಿಲಿ ರೂಮಿನಲ್ಲಿ ನಮ್ಮಿಬ್ಬರ ನಡುವೆ ಕುಳಿತಿದ್ದ. ಮೊದಲ ದೋಸೆ ಬೇಗ ಮುಗಿಯಿತು. ಅತ್ತೆ ಕೇಳದೆಯೇ ಎರಡನೆಯದನ್ನು ತರಿಸಿದಳು. ಅದರ ಮೊದಲ ತುತ್ತು ಮುರಿಯುತ್ತ, ತಟ್ಟೆಯಿಂದ ತಲೆ ಎತ್ತದೆ, ಅಪ್ಪ ನನ್ನನ್ನು ಕೇಳಿದ:

"ನಿನ್ನ ಪರೀಕ್ಷಿ ಯಾವಾಗ ಅದ?"