ಆಣೆ ಮಾಡದ ಕಳ್ಳ

ಸಿಂದಗಿಯ ಮೃಣಾಲಿನಿ ವಾರವಿಡೀ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಾರೆ. ಭಾನುವಾರ ಮಧ್ಯಾಹ್ನ ಮನೆಯ ಪಡಸಾಲೆಯಲ್ಲಿ ಕತೆಯಾಟ ನಡೆಸುತ್ತಾರೆ. ಪುಣೆಯಲ್ಲಿ ಓದುವಾಗ ಕಲಿತ ಆಟ ಅದು. ಅವರು ಒಂದು ಊರನ್ನು ಕಲ್ಪಿಸಿ, ಅದರಲ್ಲೊಂದು ತೊಡಕು ಹುಟ್ಟಿಸುತ್ತಾರೆ. ಉಳಿದವರು ಒಂದೊಂದು ಪಾತ್ರ ಹಿಡಿದು ಅದರ ಮಾತನ್ನು ತಾವೇ ಆಡುತ್ತಾರೆ. ಮುಂದೇನಾಗುವುದೋ ಗೊತ್ತಾಗದ ಕಡೆ ಸ್ಟೀಲ್ ತಾಟಿನಲ್ಲಿ ದಾಳ ಉರುಳುತ್ತದೆ. ನೆರೆಯವರ ಪಾಲಿಗೆ ಇದು ಕೆಲಸವಿಲ್ಲದವರ ಕೆಲಸ.

ಹೋದ ವರ್ಷ ಕತೆಯಲ್ಲಿ ಒಂದು ಮದುವೆ ಮುರಿದಿತ್ತು. ಆಡುತ್ತಿದ್ದ ಮುಬಿನ ಚಹಾ ಕುಡಿದು, ಲೋಟ ತೊಳೆದಿಟ್ಟು ಹೋದವಳು ಮತ್ತೆ ಬರಲಿಲ್ಲ. ಅವಳ ತಂಗಿಯ ನಿಶ್ಚಯ ಆಗಷ್ಟೇ ಮುರಿದಿತ್ತೆಂಬುದು ಮೃಣಾಲಿನಿಗೆ ಆಮೇಲೆ ತಿಳಿಯಿತು. ಫೋನ್ ಮಾಡಿದರೆ ಮುಬಿನ ಚೆನ್ನಾಗಿಯೇ ಮಾತಾಡಿದಳು, ಆದರೆ ಆಟದ ಸುದ್ದಿ ಎತ್ತಲಿಲ್ಲ.

ಅಂದಿನಿಂದ ಒಂದು ಪದ್ಧತಿ ಬಂತು. ಕತೆ ಯಾರಿಗಾದರೂ ತಡೆಯದಾದರೆ ತಾಟಿನ ಮೇಲೆ ಅಂಗೈ ಇಡಬೇಕು. ಆಟ ಅಲ್ಲಿಗೇ ನಿಲ್ಲುತ್ತದೆ, ಕಾರಣ ಕೇಳುವಂತಿಲ್ಲ. ಎಲೆಗೆ ಕೈ ಅಡ್ಡ ಹಿಡಿದರೂ ಹೋಳಿಗೆ ಬಡಿಸಿಯೇ ತೀರುವ ಸೀಮೆಯಲ್ಲಿ ಇದು ರೂಢಿಯಾಗಲು ದಿನ ಹಿಡಿಯಿತು. ಇನ್ನೊಬ್ಬರು ಹೀಗೆ ಸದ್ದಿಲ್ಲದೆ ಎದ್ದು ಹೋಗಬಾರದು ಎಂಬುದಷ್ಟೇ ಮೃಣಾಲಿನಿಗೆ ಬೇಕಿತ್ತು.

ಈ ಸಲ ಮಾಳಿಂಗ ಕುರಿಗಳ್ಳ ಭೀಮನಾಗಿದ್ದ. ದೇವರ ಹಿಪ್ಪರಗಿಯಿಂದ ಬಸ್ಸಿಗೆ ಬರುವ ಅವನದು ಪಂಪ್‌ಸೆಟ್ ರಿಪೇರಿ ಕೆಲಸ. ಮನೆಯಲ್ಲಿ ಅಪ್ಪ, ಕಾಕಾ ಇಂದಿಗೂ ಕುರಿ ಕಾಯುತ್ತಾರೆ. ಝೆರಾಕ್ಸ್ ಅಂಗಡಿಯ ಕಾಂತು ಕತೆಯಲ್ಲಿ ಊರ ಗೌಡ, ನರ್ಸ್ ರಾಜಶ್ರೀ ಸೂಲಗಿತ್ತಿ. ಭೀಮ ದೀಪಾವಳಿಯಿಂದಲೂ ಯಾರ ಕೈಗೂ ಸಿಕ್ಕಿರಲಿಲ್ಲ. ಮಾಳಿಂಗನಿಗೆ ಅವನೆಂದರೆ ಜೀವ.

ಕೊನೆಗೊಮ್ಮೆ ಪಂಚಾಯ್ತಿ ಸೇರಿತು. ಕೊಯ್ದ ಕುರಿಯ ತಲೆಯನ್ನು ನಡುವೆ ತಂದಿಟ್ಟರು. ಭಂಡಾರ ಹಿಡಿದು ತಾನಲ್ಲವೆಂದು ಆಣೆ ಮಾಡಿದರೆ ಭೀಮನನ್ನು ಬಿಡುವುದೆಂದು ಮೃಣಾಲಿನಿ ಹೇಳಿದರು. ಅವರ ಮನೆದೇವರು ವಿಠ್ಠಲ. ಕುರುಬರ ದೇವರ ಭಂಡಾರ ಅವರ ಲೆಕ್ಕದಲ್ಲಿ ಅರಿಷಿಣದ ಪುಡಿ, ಕತೆಗೆ ಚೆಂದ ಒಪ್ಪುವಂಥದ್ದು.

ಮಾಳಿಂಗ ತಾಟಿನ ಮೇಲೆ ಕೈ ಇಟ್ಟ.

"ಸಿಕ್ಕಿಬಿದ್ದಿ ಅಂತ ಆಟಾನ ನಿಲ್ಲಸ್ತಿ ಏನಲೇ ಮಾಳ್ಯಾ?" ಎಂದು ಕಾಂತು ಕೆಣಕಿದ. ಮೃಣಾಲಿನಿ ಅವನನ್ನು ಸುಮ್ಮನಿರಿಸಿ ಅಂದಿನ ಆಟ ಮುಗಿಸಿದರು.

ವಾರವೆಲ್ಲ ಅವರಿಗೆ ಕುರಿಯ ತಲೆಯೇ ಕಣ್ಣಿಗೆ ಕಟ್ಟುತ್ತಿತ್ತು. ಕುರಿ ಸಾಕುವ ಮನೆಯ ಹುಡುಗನ ಮುಂದೆ ಅದನ್ನು ತರಬಾರದಿತ್ತು. ಮುಂದಿನ ಭಾನುವಾರ ಮಾಳಿಂಗ ಬಂದ. ಅಷ್ಟಕ್ಕೇ ಅವರು ಹಗುರಾದರು. ಆದರೆ ಕತೆಯಲ್ಲೀಗ ಕಳುವಾದದ್ದು ಜೋಳದ ಚೀಲ.

"ಕುರಿ ಎಲ್ಲಿ ಹ್ವಾದ್ವರಿ ಮೇಡಂ?" ಎಂದ ಮಾಳಿಂಗ.

ನಿನ್ನ ಸಲುವಾಗಿ ತೆಗೆದೆ ಎಂದು ಅವರು ಇದ್ದದ್ದು ಹೇಳಿದರು. ಅವನಿಗೆ ನಗು ಬಂತು.

"ಕುರಿ ಸಾಯೂದು, ಕಳುವಾಗೂದು ನಮ್ಮನ್ಯಾಗ ಇದ್ದದ್ದರಿ. ನಮ್ಮ ದೇವರ ಭಂಡಾರ ಹಿಡದು ಸುಳ್ಳ ಆಣಿ ಮಾಡಾಕ ನನಗ ಆಗಂಗಿಲ್ರಿ."

"ಆಣಿ ಮಾಡಾಂವ ಭೀಮಾ ಅಲ್ಲೇನಪಾ?" ಎಂದರು ಮೃಣಾಲಿನಿ.

"ಹೆಸರು ಭೀಮಂದ್ರಿ. ಬಾಯಿ ನಂದ ಐತಿ."

ಹಾಗಾದರೆ ಅವನು ಆಣೆ ಮಾಡಿದನೆಂದು ತಾನೇ ಹೇಳಿಬಿಡಲೇ ಎಂದು ಮೃಣಾಲಿನಿ ಕೇಳಿದರು.

"ಬ್ಯಾಡ್ರಿ. ಅದನ್ಯಾಕ ನಿಮ್ಮ ಮ್ಯಾಲ ಹಾಕ್ಕೋತೀರಿ."

ಪಂಚಾಯ್ತಿಯನ್ನೇ ಕತೆಯಿಂದ ತೆಗೆಯೋಣ, ಭೀಮ ಹೇಗೋ ಪಾರಾದನೆಂದು ಇಟ್ಟುಕೊಳ್ಳೋಣ ಎಂದರು. ಮಾಳಿಂಗ ಕಾಂತುವಿನ ಮುಖ ನೋಡಿದ. ಪಂಚಾಯ್ತಿ ಇರಲಿ, ಕುರಿಯ ತಲೆಯೂ ಇರಲಿ, ಭೀಮ ಆಣೆ ಮಾಡುವುದಿಲ್ಲ, ಅಷ್ಟೇ ಎಂದ.

"ಮಾಡಲಿಲ್ಲಂದ್ರ ಅವನಽ ಕಳ್ಳ ಅಂತ ಆತು ನೋಡು," ಎಂದಳು ರಾಜಶ್ರೀ.

"ಆಗವಲ್ದ್ಯಾಕ, ಆಗ್ಲಿ," ಎಂದ ಮಾಳಿಂಗ.

ದಾಳ ಹಾಕುವ ಪ್ರಮೇಯವೇ ಬರಲಿಲ್ಲ. ತೀರ್ಪು ಹೇಳಬೇಕಾದವನು ಗೌಡ. ಕಾಂತು ರಾಜಶ್ರೀಯ ಕಡೆ ನೋಡಿದ, ಮತ್ತೆ ಮಾಳಿಂಗನ ಕಡೆ ತಿರುಗಿದ.

"ಊರು ಬಿಡು," ಎಂದ. ಆಮೇಲೆ, "ಹೊತ್ತು ಮುಳುಗೂದ್ರಾಗ ಹೋಗಪಾ, ಹಾದಿ ಚಲೋ ಇಲ್ಲ," ಎಂದು ಸೇರಿಸಿದ.

ಭೀಮ ಹೋದ. ಮಾಳಿಂಗ ಚಹಾ ಮುಗಿಸಿ, ಮುಂದಿನ ವಾರ ತಾನು ಯಾರಾಗಬೇಕೆಂದು ಮೃಣಾಲಿನಿಯನ್ನು ಕೇಳಿದ.