ಬಿದ್ದವನದೇ ಸರಿ

ಹಡಪಸರದಾಗ ಸಿಗ್ನಲ್ ಹಸಿರಾದ ಮ್ಯಾಲೇ ನಾನು ಸ್ಕೂಟರ್ ಬಿಟ್ಟಿದ್ದೆ. ಉಲ್ಟಾ ಬಂದ ಸೈಕಲ್ಲಿನವ ನನಗ ಬಡದು ಬಿದ್ದ. ನಾನು ಬೀಳಲಿಲ್ಲ.

ಮಂದಿ ನೆರೆದರು. ಟೋಪಿ ಹಾಕಿದ ಹಿರಿಯರೊಬ್ಬರು ಮರಾಠಿಯೊಳಗ, "ಬಿದ್ದವರು ಯಾರು?" ಅಂತಷ್ಟೇ ಕೇಳಿ, ತಪ್ಪು ನಂದೇ ಅಂದುಬಿಟ್ಟರು. ಸಿಗ್ನಲ್ ಮಾತು ಯಾರಿಗೂ ಬ್ಯಾಡಾಗಿತ್ತು. ಒಬ್ಬ ನನ್ನ ಕಾಲರ್ ಹಿಡದ. ನನಗ ಮರಾಠಿ ಮರತೇ ಹೋತು.

"ಅಯ್ಯೋ ಶಿವನ, ನಂದೇನೂ ತಪ್ಪಿಲ್ರಿ!"

ಕನ್ನಡ ಕೇಳಿ ಬಿದ್ದವ ಕಣ್ಣು ಬಿಟ್ಟ. ನಾನು ಅವನ್ನ ಎಬ್ಬಿಸಲಿಕ್ಕೆ ಬಗ್ಗಿದೆ. ಅವ ನನ್ನ ಕಿವಿಯೊಳಗ ಕನ್ನಡದಾಗೇ ಅಂದ: "ತಪ್ಪು ನಂದೇರಿ. ಆದ್ರ ಈಗ ಹೇಳಿದ್ರ ನನ್ನ ಬಡೀತಾರ. ನೀವ ಮಾಫಿ ಕೇಳಿಬಿಡ್ರಿ."

ಕೈ ಮುಗಿದು ಕೇಳಿದೆ. ಬಿಟ್ಟರು.

ಹೊರಡುವಾಗ ಸೈಕಲ್ಲಿನವ ಕಳಕಳಿಯಿಂದ, "ಇನ್ನೊಮ್ಮೆ ಹಿಂಗಾದ್ರ ಮೊದಲ ನೀವ ಬಿದ್ದಬಿಡ್ರಿ" ಅಂದ.

ನನಗ ಲೈಸೆನ್ಸ್ ಕೊಟ್ಟಿದ್ದು, ಪರೀಕ್ಷಾದಾಗ ಬೀಳದೇ ಎಂಟರ ಸುತ್ತು ಹೊಡದೆ ಅಂತ.